ಬಾಂಬೆ ಕೋಟೆ ಒಡೆದ ವರ್ಷ: 1973-74ರ ರಣಜಿ

ಸೋಲು ಕೂಡಾ ಒಂದು ಅಭ್ಯಾಸ ಆಗಿಬಿಡುತ್ತೆ ಅಂತಾರಲ್ಲ, ಭಾರತದ ದೇಶೀಯ ಕ್ರಿಕೆಟ್ಟಿನಲ್ಲಿ ಅದು ಅಕ್ಷರಶಃ ನಿಜವಾಗಿತ್ತು. 1958-59ರಿಂದ 1972-73ರವರೆಗೆ, ಒಂದಲ್ಲ ಎರಡಲ್ಲ, ಸತತ 15 ವರ್ಷ ರಣಜಿ ಟ್ರೋಫಿ ಬಾಂಬೆಗೇ! ಉಳಿದ ರಾಜ್ಯಗಳು ಆಡ್ತಾ ಇದ್ದದ್ದು ಎರಡನೇ ಸ್ಥಾನಕ್ಕೆ ಅಂದ್ರೂ ತಪ್ಪಿಲ್ಲ.

ನಮ್ಮವರದ್ದೂ ಇದೇ ಕಥೆ. ಮೈಸೂರು ತಂಡ 1941-42ರಲ್ಲಿ ಫೈನಲ್ ತಲುಪಿ ಬಾಂಬೆಗೆ ಸೋತಿತು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. ತಂಡದ ಹೆಸರೂ ಬದಲಾಯ್ತು. ಹೆಸರಿನ ಜೊತೆ ಹಣೆಬರಹವೂ ಬದಲಾಗುತ್ತೆ ಅಂತ ಯಾರು ತಾನೇ ಅಂದುಕೊಂಡಿದ್ದರು?

ಆ ತಂಡದ ನಾಯಕ ಇ.ಎ.ಎಸ್. ಪ್ರಸನ್ನ. ನಮ್ಮಂಥ ಇಂಜಿನಿಯರುಗಳು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು :) 1962ರಲ್ಲಿ ಟೆಸ್ಟ್ ಆಡಿದ ಮೇಲೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದು ಮುಗಿಸೋಕೆ ಅಂತ ಹಿಂದೆ ಸರಿದು, 1967ರಲ್ಲಿ ಮತ್ತೆ ಭಾರತ ತಂಡಕ್ಕೆ ಬಂದವರು ಇವರು. ಇನ್ನೊಬ್ಬರು ಮೈಸೂರಿನ ಬಿ.ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್, ಫೀಲ್ಡಿಂಗಿನಲ್ಲಿ ಚೆಂಡೆಸೆಯೋದು ಎಡಗೈಯಲ್ಲಿ. ಬ್ಯಾಟಿಂಗಿಗೆ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್, ವಿಕೆಟ್ ಹಿಂದೆ ಕಿರ್ಮಾನಿ. ಆಗ ಕ್ರಿಕೆಟ್ಟನ್ನೇ ನಂಬಿ ಸಂಸಾರ ನಡೆಸೋಕೆ ಆಗ್ತಿರಲಿಲ್ಲ. ವಿಶ್ವನಾಥ್ ಅಂಥವರಿಗೂ ಸ್ಟೇಟ್ ಬ್ಯಾಂಕಿನ ಕೆಲಸ ಇತ್ತು.

1974ರ ಮಾರ್ಚ್, ಬೆಂಗಳೂರು, ಸೆಮಿಫೈನಲ್. ಎದುರಾಳಿ ಬಾಂಬೆ. ವಾಡೇಕರ್, ಗವಾಸ್ಕರ್, ಅಶೋಕ್ ಮಂಕಡ್... ಹೆಸರು ಕೇಳಿದರೇ ಎದೆ ಝಲ್ ಅನ್ನಬೇಕು.

ಇಲ್ಲಿ ಒಂದು ನಿಯಮ ನೆನಪಿರಲಿ. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುನ್ನಡೆ ಪಡೆದವರೇ ಮುಂದಕ್ಕೆ ಹೋಗೋದು. ಹಾಗಾಗಿ ಎಲ್ಲಾ ಯುದ್ಧ ಮೊದಲ ಇನ್ನಿಂಗ್ಸಿನಲ್ಲೇ. ಕರ್ನಾಟಕ ಮೊದಲು ಆಡಿ 385 ಹೊಡೆಯಿತು. ವಿಶಿ 162, ಬ್ರಿಜೇಶ್ 106. ಅಂದರೆ ಇಬ್ಬರೇ ಸೇರಿ 268!

ಆದರೂ ಬಾಂಬೆಗೆ 385 ದಾಟೋದು ಅಸಾಧ್ಯವೇನಲ್ಲ. ಗವಾಸ್ಕರ್ 30ಕ್ಕೆ ಬಂದಿದ್ದಾಗ ಪ್ರಸನ್ನ ಬೌಲ್ಡ್ ಮಾಡಿದರು. ನಾಯಕ ವಾಡೇಕರ್ ಮಾತ್ರ ನಿಂತುಬಿಟ್ಟರು. ಕೊನೆಗೆ 62 ಹೊಡೆದಿದ್ದಾಗ ಕಾಲು ಜಾರಿ ರನ್ ಔಟ್! ಬಾಂಬೆ 307ಕ್ಕೆ ಆಲ್ ಔಟ್. ನಮಗೆ 78 ರನ್ ಮುನ್ನಡೆ. 15 ವರ್ಷದ ಕೋಟೆ ಬಿದ್ದದ್ದು ಇಷ್ಟರಲ್ಲೇ.

ಜೈಪುರದ ಫೈನಲ್ಲಿನಲ್ಲಿ ಎದುರಿಗಿದ್ದದ್ದು ರಾಜಸ್ಥಾನ. ಪಾಪ, 1960-61ರಿಂದ 1969-70ರ ಒಳಗೆ ಆ ತಂಡ 7 ಸಲ ಫೈನಲ್ಲಿಗೆ ಬಂದು ಏಳೂ ಸಲ ಬಾಂಬೆಗೇ ಸೋತಿತ್ತು. ಈ ಸಲ ಬಾಂಬೆ ಇಲ್ಲ, ಮೈದಾನವೂ ತಮ್ಮದೇ. ಆದರೂ ಕರ್ನಾಟಕ 185 ರನ್ನುಗಳಿಂದ ಗೆದ್ದಿತು. ಅವರ ದುಃಖವನ್ನೂ ಒಂದು ಕ್ಷಣ ನೆನೆಯೋಣ.

ಬಾಂಬೆ ಅಷ್ಟಕ್ಕೇ ಮುಗಿದು ಹೋಗಲಿಲ್ಲ ಅನ್ನೋದೂ ನಿಜ. ಮರುವರ್ಷವೇ ಫೈನಲ್ಲಿನಲ್ಲಿ ನಮ್ಮನ್ನೇ ಸೋಲಿಸಿ ಕಪ್ ವಾಪಸ್ ಒಯ್ದರು. ಆದರೆ ಅವರನ್ನು ಸೋಲಿಸೋಕೆ ಆಗಲ್ಲ ಅನ್ನೋ ಮಾತು ಮಾತ್ರ ವಾಪಸ್ ಬರಲಿಲ್ಲ. ಕರ್ನಾಟಕ 1977-78ರಲ್ಲಿ ಮತ್ತೆ ಗೆದ್ದಿತು, 1982-83ರಲ್ಲಿ ಬಾಂಬೆಯನ್ನೇ ಫೈನಲ್ಲಿನಲ್ಲಿ ಮಣಿಸಿತು. ಜಾವಗಲ್‌ನಂಥ ಊರಿನ ಶ್ರೀನಾಥ್ ಇಂಜಿನಿಯರಿಂಗ್ ಓದಿಕೊಂಡೇ ವೇಗದ ಬೌಲರ್ ಆಗುವ ಹೊತ್ತಿಗೆ, ಕರ್ನಾಟಕದ ಕ್ಯಾಪ್ ಅಂದರೆ ಗೆಲ್ಲುವವರ ಕ್ಯಾಪ್ ಆಗಿತ್ತು.

ನಮ್ಮ ಮಾಕವಳ್ಳಿ ಕಡೆ ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಆಡೋ ಹುಡುಗರಿಗೆ ಪ್ರಸನ್ನ ಯಾರು ಅಂತ ಗೊತ್ತಿರಲಿಕ್ಕಿಲ್ಲ. ಗೊತ್ತಾಗಬೇಕು. 385 ಮತ್ತು 307, ಈ ಎರಡು ಅಂಕಿಗಳನ್ನಾದರೂ ಅವರಿಗೆ ಹೇಳಿಕೊಡೋಣ, ಏನಂತೀರಿ?