ಬೀದರ್ ಪ್ರಸ್ಥಭೂಮಿಯ ಕೆಂಪುಕಲ್ಲು ಖಣಿಗಳು

ಬೀದರ್ ಜಿಲ್ಲೆಯ ಬೀದರ್, ಹುಮನಾಬಾದ್, ಬಸವಕಲ್ಯಾಣ ಸೀಮೆಯಲ್ಲಿ ಜಂಬಿಟ್ಟಿಗೆ, ಅಂದರೆ ಆಡುಮಾತಿನ ಕೆಂಪುಕಲ್ಲನ್ನೂ ಅದರ ಜೊತೆಗೆ ಸಿಗುವ ಮುರುಮು, ಕಾವಿಮಣ್ಣು ಮತ್ತು ಬಾಕ್ಸೈಟ್ ಜೇಡಿಯನ್ನೂ ತೆಗೆಯುವ ತೆರೆದ ಗಣಿಗಳಿವೆ. ಈ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಕಲ್ಲಿದ್ದಲು ಗೋದಾವರಿ ಕಣಿವೆಯ ಗೊಂಡ್ವಾನ ಶಿಲೆಗಳಲ್ಲಿ ದೊರೆಯಿತು. ಆದರೆ ಬೀದರ್ ಕಡೆ ಇರುವುದು ಲಾವಾ ಹೊದಿಕೆ. ಕಲ್ಲಿದ್ದಲಿನ ತೆರೆದ ಗಣಿಯಲ್ಲಿ ಮೇಲಿನ ಮಣ್ಣು-ಕಲ್ಲನ್ನು ಸರಿಸಿದ ಮೇಲೆ ಸರಕು ಸಿಗುತ್ತದೆ. ಇಲ್ಲಿ ಮೇಲಿನ ಹೊದಿಕೆಯೇ ಸರಕು.

ಶಿಲಾರಚನೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ ತಣಿದು ಕಪ್ಪುಕಲ್ಲಾಯಿತು. ಬಿಸಿಲು-ಮಳೆಯ ದೀರ್ಘ ಕಾಲದಲ್ಲಿ ಅದರ ಮೇಲ್ಪದರದಿಂದ ಸಿಲಿಕಾ, ಸುಣ್ಣ, ಮೆಗ್ನೀಷಿಯಂ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದವು. ಬೀದರ್ ಮತ್ತು ಹುಮನಾಬಾದ್ ತಾಲ್ಲೂಕುಗಳ ಎತ್ತರದ ಬಯಲು ರೂಪುಗೊಂಡದ್ದು ಹೀಗೆ. ಈ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಿಂದ. ಅವನು ಅದನ್ನು ಕಂಡದ್ದು ಮಲಬಾರಿನಲ್ಲಿ. ಬೀದರಿನ ಕಲ್ಲನ್ನು 1840ರ ದಶಕದಲ್ಲಿ ವಿವರವಾಗಿ ಬಣ್ಣಿಸಿದವನು ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್. ಬ್ರಿಟಿಷ್ ಕಾಲದ ವಿವರಣೆಗಳು ಕೆಂಪುಪದರದ ದಪ್ಪವನ್ನು 100ರಿಂದ 500 ಅಡಿ ಎನ್ನುತ್ತವೆ. ಎರಡನೆಯ ಅಂಕಿಯನ್ನು ಎಚ್ಚರಿಕೆಯಿಂದ ಬಳಸಬೇಕು. ಕೆಳಗಿನ ಜೇಡಿಯನ್ನೂ ಕೊಳೆತ ಕಪ್ಪುಕಲ್ಲನ್ನೂ ಅದರಲ್ಲಿ ಸೇರಿಸಿದಂತಿದೆ.

ಖಣಿಯ ಗೋಡೆಯಲ್ಲಿ ಪದರಗಳು ಬರಿಗಣ್ಣಿಗೇ ಕಾಣುತ್ತವೆ. ನೆತ್ತಿಯಲ್ಲಿ ಕಬ್ಬಿಣದಂಶ ಹೆಚ್ಚಿರುವ ಗಟ್ಟಿ ಕವಚ. ಅದರ ಕೆಳಗೆ ಗೆದ್ದಲು ಕೊರೆದಂತೆ ಕೊಳವೆ-ಕೊಳವೆಯಾದ ಕೆಂಪುಕಲ್ಲು. ಕಟ್ಟಡಕ್ಕೆ ಬೇಕಾದದ್ದು ಇದೇ. ಇನ್ನೂ ಕೆಳಗೆ ಬಿಳಿ, ಹಳದಿ, ನೇರಳೆ ಮಚ್ಚೆಗಳ ಜೇಡಿ. ಅದರಡಿಯಲ್ಲಿ ಕೊಳೆತ ಕಪ್ಪುಕಲ್ಲು, ಕೊನೆಗೆ ಗಟ್ಟಿ ಕಪ್ಪುಕಲ್ಲು.

ಇತಿಹಾಸ

ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಕೋಟೆಯಲ್ಲಿ ಕಣ್ಣಿಗೆ ಬೀಳುವುದು ಮುಖ್ಯವಾಗಿ ಕಪ್ಪುಕಲ್ಲು. ಕೆಂಪುಕಲ್ಲಿನ ಗಣಿಗಾರಿಕೆಗೆ ದೊಡ್ಡ ಪ್ರಮಾಣದ ಸಾಕ್ಷ್ಯ ಸಿಗುವುದು ಬಹಮನಿ ಕಾಲದಲ್ಲಿ, ಬೀದರ್ ಕೋಟೆಯಲ್ಲಿ.

ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಉತ್ತರಕ್ಕೂ ಪೂರ್ವಕ್ಕೂ ಪ್ರಸ್ಥಭೂಮಿಯ ಕಡಿದಾದ ಅಂಚೇ ಕಾವಲು. ನಗರದ ಕಡೆ ನೆಲ ಸಮತಟ್ಟು; ಹಾಗಾಗಿ ಅಲ್ಲಿ ಇಡೀ ಬಂಡೆಯನ್ನೇ ಕಡಿದು ಕಂದಕ ತೋಡಿದರು. ಮುಖ್ಯ ಭಾಗದಲ್ಲಿ ಅದು ಮೂರು ಸಾಲಿನದು. ಒಂದು ಕಂದಕಕ್ಕೂ ಇನ್ನೊಂದಕ್ಕೂ ನಡುವಿನ ಗೋಡೆ ಕಟ್ಟಿದ್ದಲ್ಲ, ಕಡಿಯದೆ ಉಳಿಸಿದ ಬಂಡೆ. ಪುರಾತತ್ವಜ್ಞ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಸ್ಮಾರಕಗಳ ಗ್ರಂಥದಲ್ಲಿ ಈ ಕಂದಕಕ್ಕೆ ದೊಡ್ಡ ಸ್ಥಾನವಿದೆ. ಅದನ್ನು ರಕ್ಷಣಾ ವಾಸ್ತುಶಿಲ್ಪವೆಂದಷ್ಟೇ ನೋಡುವುದು ವಾಡಿಕೆ. ಗಣಿಗಾರಿಕೆಯ ಇತಿಹಾಸಕ್ಕೆ ಅದು ಇನ್ನೂ ದೊಡ್ಡ ದಾಖಲೆ: ಕಲ್ಲು ಎಬ್ಬಿಸಿದ ಗುಂಡಿಯೇ ಕಂದಕ, ಎಬ್ಬಿಸಿದ ಕಲ್ಲು ಪಕ್ಕದ ಗೋಡೆಗೆ ಒದಗುವಂಥದ್ದು. ಸಾಗಣೆ ಕೆಲವೇ ಮಾರು. ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು, ಎಷ್ಟು ಆಳಕ್ಕೆ ನಿಲ್ಲಬೇಕು ಎಂಬುದನ್ನು ಮೊದಲೇ ಗೊತ್ತುಮಾಡದೆ ಬಂಡೆಯ ನಡುಗೋಡೆಗಳನ್ನು ಉಳಿಸಲು ಬರುವುದಿಲ್ಲ. ಇಷ್ಟು ಯೋಜಿತವಾದ ಖಣಿ ಈ ಪ್ರಸ್ಥಭೂಮಿಯಲ್ಲಿ ಮತ್ತೊಂದಿಲ್ಲವೆಂದೇ ಹೇಳಬೇಕು.

ನಿಜಾಮರ ಕಾಲದಲ್ಲಿ ಕಲ್ಲಿನ ಬಳಕೆ ಬಹುಪಾಲು ಸ್ಥಳೀಯ: ಮನೆ, ಬಾವಿಯ ಕಟ್ಟೆ, ಹೊಲದ ಬದು.

ಕಲ್ಲು ತೆಗೆಯುವ ಕ್ರಮ

ನೆಲದೊಳಗೆ ತೇವವಿರುವಾಗ ಕೆಂಪುಕಲ್ಲು ಮೆತ್ತಗಿರುತ್ತದೆ. ಗಾಳಿಬಿಸಿಲಿಗೆ ಬಂದ ಮೇಲೆ ಬಿಗಿಯುತ್ತದೆ. ಈ ಒಂದು ಗುಣದ ಮೇಲೆಯೇ ಇಡೀ ಕಸುಬು ನಿಂತಿದೆ. ಹಾಗಾಗಿ ಮದ್ದು ಸಿಡಿಸುವ ಅಗತ್ಯವಿಲ್ಲ. ಸಿಡಿಸಿದರೆ ಕೊಳವೆಗಳ ಗುಂಟ ಬಿರುಕು ಓಡಿ ಕಲ್ಲು ಕೆಡುತ್ತದೆ.

ಕೈಕೆಲಸದಲ್ಲಿ ನೆಲ ಮಟ್ಟಮಾಡಿ, ಗೆರೆ ಹಾಕಿ, ಪಿಕಾಸಿಯಿಂದ ಸುತ್ತ ಕಡಿದು, ಹಾರೆ ಕೊಟ್ಟು ಎಬ್ಬಿಸುತ್ತಾರೆ. ಯಂತ್ರ ಬಂದ ಮೇಲೆ ವಿದ್ಯುತ್ತಿನಿಂದ ತಿರುಗುವ ಹಲ್ಲುಚಕ್ರ ಹಳಿಯ ಮೇಲೆ ಸಾಗುತ್ತ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ನೆಟ್ಟಗೆ ಸೀಳುತ್ತದೆ. ಅಡ್ಡವಾಗಿ ಕೂರಿಸಿದ ಇನ್ನೊಂದು ಚಕ್ರ ಬುಡ ಕತ್ತರಿಸುತ್ತದೆ. ಒಂದು ವರಸೆ ತೆಗೆದಾದ ಮೇಲೆ ಯಂತ್ರವನ್ನು ಕೆಳಗಿಳಿಸಿ ಮುಂದಿನ ವರಸೆ. ಗೋಡೆಯ ಮೇಲೆ ಉಳಿಯುವ ಚಕ್ರದ ಗೆರೆಗಳನ್ನು ಎಣಿಸಿದರೆ ಎಷ್ಟು ವರಸೆ ಇಳಿದಿದೆಯೆಂದು ತಿಳಿಯುತ್ತದೆ. ಕೆಂಪು ಹುಡಿ ಕೂಲಿಕಾರರ ರೆಪ್ಪೆಯ ಮೇಲೂ ಕೂತಿರುತ್ತದೆ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಸಾಕಾದ ರಕ್ಷಣೆಯಲ್ಲ. ಚಕ್ರದ ಹಲ್ಲಿಗೆ ಜಿಗುಟು ಮಣ್ಣು ಮೆತ್ತತೊಡಗಿದರೆ ಜೇಡಿ ಬಂತೆಂದು ಅರ್ಥ, ಕಟ್ಟಡದ ಕಲ್ಲು ಅಲ್ಲಿಗೆ ಮುಗಿಯಿತು.

ಒಡೆದ ಚೂರು ಮತ್ತು ಮೇಲಿನ ಸಡಿಲ ಪದರ ಮುರುಮಾಗಿ ರಸ್ತೆಗೆ ಹೋಗುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನ ಸುತ್ತ ಇದಕ್ಕೆ ಬೇಡಿಕೆ ಸಹಜ. ಕಬ್ಬಿಣ ಮತ್ತು ಅಲ್ಯೂಮಿನಾ ಕೂಡಿರುವ ಲ್ಯಾಟರೈಟ್ ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣಕಲ್ಲಿನ ಜೊತೆ ಬೆರೆಸುವ ಸಾಮಗ್ರಿಯೂ ಹೌದು.

ಬಾಕ್ಸೈಟ್ ಜೇಡಿ

ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು 3 ಕಿ.ಮೀ. ದೂರದಲ್ಲಿ ಬಾಕ್ಸೈಟ್ ಜೇಡಿಯ ನಿಕ್ಷೇಪವಿದೆ. ಅಂದಾಜು 7 ಲಕ್ಷ ಟನ್. ಬೀದರ್ ತಾಲ್ಲೂಕಿನ ಕಮಠಾಣದ ಬಳಿ ಕೆಯೊಲಿನ್ ಇದೆ. ಬಾಕ್ಸೈಟ್ ಜೇಡಿಯಂತೆ ಸಿಲಿಕಾ ಹೆಚ್ಚಿರುವ ಬಾಕ್ಸೈಟನ್ನು ಅಲ್ಯೂಮಿನಿಯಂಗಾಗಿ ಸಂಸ್ಕರಿಸಿದರೆ ಕಾಸ್ಟಿಕ್ ಸೋಡಾ ವ್ಯರ್ಥವಾಗುತ್ತದೆ. ಅಂಥದ್ದು ಹೆಚ್ಚಾಗಿ ಸಲ್ಲುವುದು ಉರಿತಾಳುವ ಇಟ್ಟಿಗೆಯಂಥ ಬಳಕೆಗೆ.

ನೀರು ಮತ್ತು ಕಾಯಿದೆ

ಕೊಳವೆಗಳುಳ್ಳ ಕೆಂಪುಕಲ್ಲು ಮಳೆನೀರನ್ನು ಇಳಿಸಿಕೊಳ್ಳುತ್ತದೆ. ಜೇಡಿ ಮತ್ತು ಕಪ್ಪುಕಲ್ಲು ಅದನ್ನು ತಡೆಯುತ್ತವೆ. ತಡೆದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಝರಣಿ ನರಸಿಂಹ, ಗುರು ನಾನಕ್ ಝೀರಾ, ಪಾಪನಾಶ ಎಂಬ ತಾಣಗಳ ಝರಿಗಳೆಲ್ಲವೂ ಈ ನೀರಿನವು. ನೌಬಾದಿನ ಕರೇಜ್, ಅಂದರೆ ಬಾವಿಯ ಸಾಲನ್ನು ನೆಲದಡಿ ಜೋಡಿಸಿದ ಸುರಂಗ, ಇದೇ ಶಿಲೆಯ ನೀರನ್ನು 2 ಕಿ.ಮೀ.ಗೂ ಹೆಚ್ಚು ದೂರ ಒಯ್ಯುತ್ತಿತ್ತು. ಹೀಗಾಗಿ ಇಲ್ಲಿ ಕಲ್ಲಿನ ಖಣಿಯೆಂದರೆ ನೀರಿನ ತೊಟ್ಟಿಯನ್ನೇ ಕಡಿದು ಮಾರುವ ಕೆಲಸವೂ ಹೌದು. ಖಣಿಯ ವಿಸ್ತಾರಕ್ಕಿಂತ ಅದರ ತಳದ ಮಟ್ಟ ಮುಖ್ಯ.

ಕಾಯಿದೆ ನೋಡುವುದು ಹೆಚ್ಚಾಗಿ ವಿಸ್ತಾರವನ್ನು. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2015ರ ಫೆಬ್ರವರಿ 10ರ ಕೇಂದ್ರ ಅಧಿಸೂಚನೆ ಲ್ಯಾಟರೈಟ್, ಕೆಯೊಲಿನ್, ಕಾವಿಮಣ್ಣು ಸೇರಿ 31 ಖನಿಜಗಳನ್ನು ಉಪಖನಿಜಗಳೆಂದು ಸಾರಿತು. ಅವುಗಳ ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕೆ ಬಂತು. ಜೇಡಿಯ ಮೇಲೆ ಕೆಲವು ಅಡಿ ಕೆಂಪುಕಲ್ಲನ್ನು ಕಡಿಯದೆ ಬಿಡುವುದು, ಝರಿಗಳಿರುವ ಅಂಚಿನಿಂದ ಖಣಿಯನ್ನು ದೂರವಿಡುವುದು, ಕೆಲಸ ನಿಂತ ಖಣಿಗೆ ಹೂಳು ಬೀಳದಂತೆ ನೋಡಿಕೊಂಡು ಮಳೆನೀರು ಇಂಗಿಸುವುದು: ಈ ಮೂರನ್ನು ಪ್ರತಿ ಗುತ್ತಿಗೆಯ ಮುಚ್ಚುವಿಕೆ ಯೋಜನೆಯಲ್ಲೇ ಬರೆಯಬೇಕು. ತಳದ ಮಟ್ಟವನ್ನು ಪ್ರತಿ ಮಳೆಗಾಲದ ಮುಂಚೆ ಅಳೆದು ದಾಖಲಿಸದಿದ್ದರೆ ಮೂರರಲ್ಲಿ ಮೊದಲನೆಯದನ್ನು ಪರಿಶೀಲಿಸುವ ದಾರಿಯೇ ಇರುವುದಿಲ್ಲ.