ಇಪ್ಪತ್ತು ತೋಟೆಗಳ ಪೆಟ್ಟಿಗೆ

ನವೆಂಬರ್ ಮೊದಲ ವಾರ ಬಂತೆಂದರೆ ನಮ್ಮ ಮಿನ್ನೆಸೋಟದಲ್ಲಿ ಆಫೀಸುಗಳು ಅರ್ಧ ಖಾಲಿ. ಮೀಟಿಂಗ್ ಇಟ್ಟರೂ ಬರುವವರಿಲ್ಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಎಲ್ಲರೂ ಉತ್ತರದ ಕಾಡಿಗೆ, ಜಿಂಕೆ ಬೇಟೆಗೆ. ನಮ್ಮಲ್ಲಿ ಬಹುಮಂದಿ ಮೊದಲ ವರ್ಷ ಬೆರಗಾದದ್ದು ಇನ್ನೊಂದಕ್ಕೆ: ಮೊಳೆ, ಬಣ್ಣದ ಡಬ್ಬ, ಹಿಮ ಎತ್ತುವ ಸಲಿಕೆ ಮಾರುವ ಅಂಗಡಿಯಲ್ಲೇ ರೈಫಲ್ ತೋಟೆಗಳನ್ನು ಬಿಸ್ಕತ್ತಿನ ಪೊಟ್ಟಣದ ಹಾಗೆ ಪೇರಿಸಿಟ್ಟಿರುತ್ತಾರೆ. ಪೆಟ್ಟಿಗೆಗೆ ಇಪ್ಪತ್ತು. ಪಕ್ಕದಲ್ಲೇ ಅದೇ ಅಳತೆಯ, ಎರಡು ಪಟ್ಟು ಬೆಲೆಯ ಇನ್ನೊಂದು ಪೆಟ್ಟಿಗೆ. ಇದರಲ್ಲೇನು, ಅದರಲ್ಲೇನು ಎಂದು ಎದುರುಮನೆಯ ಯಜಮಾನರನ್ನು ಕೇಳಿದೆವು. “ನಮ್ಮಪ್ಪ ತರುತ್ತಿದ್ದದ್ದು ಅಗ್ಗದ್ದೇ. ಜಿಂಕೆಗೆ ಬೆಲೆಚೀಟಿ ಓದಲು ಬರುವುದಿಲ್ಲ” ಎಂದರು. ಆ ಮಾತಿನ ಬೆನ್ನು ಹಿಡಿದು ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಸಸ್ಯಾಹಾರಿ ಓದುಗರು ದಯವಿಟ್ಟು ಪುಟ ತಿರುಗಿಸಬೇಡಿ. ಕೊನೆಯಲ್ಲಿ ನಮಗೂ ಸಂಬಂಧಿಸಿದ ವಿಷಯವಿದೆ.

ಮಲೆನಾಡಿನವರಿಗೆ ಕೋವಿ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಹಾಕಿ ಗಟ್ಟಿಸಿ, ಚರೆಯನ್ನೋ ಗುಂಡನ್ನೋ ಇಳಿಸಿ, ಕೇಪು ಇಟ್ಟು ಈಡು ಹೊಡೆಯುವ ಕೇಪಿನ ಕೋವಿಯನ್ನು ಅಜ್ಜನ ಮನೆಯ ಗೋಡೆಯಲ್ಲಿ ಕಂಡವರು ನಮ್ಮಲ್ಲಿ ಈಗಲೂ ಇದ್ದಾರೆ. ಮದ್ದು, ಗುಂಡು, ಕೇಪು ಮೂರನ್ನೂ ಒಂದು ಹಿತ್ತಾಳೆಯ ಚಿಪ್ಪಿನಲ್ಲಿ ಕೂಡಿಸಿ ಕಾರ್ಖಾನೆಯಲ್ಲೇ ಮುಚ್ಚಿಕೊಟ್ಟದ್ದು ತೋಟೆ. ಅಮೆರಿಕದಲ್ಲಿ ಇದು ಅಂತರ್ಯುದ್ಧದ ನಂತರ ಬೇಗ ಹಬ್ಬಿತು; ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಯೂನಿಯನ್ ಮೆಟಾಲಿಕ್ ಕಾರ್ಟ್ರಿಜ್ ಕಂಪನಿ ಹುಟ್ಟಿದ್ದು 1867ರಲ್ಲಿ. ಆದರೆ ಒಳಗಿದ್ದದ್ದು ಹಳೆಯ ಕರಿಮದ್ದೇ. ಗುಂಡಿನ ವೇಗ ಸೆಕೆಂಡಿಗೆ 1300 ಅಡಿಯ ಆಸುಪಾಸು, ಬೇಟೆಗಾರನ ಮುಂದೆ ಹೊಗೆಯ ಮೋಡ, ನಳಿಗೆಯ ತುಂಬ ಮಸಿ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ಎಲ್ಲವೂ ಬದಲಾಯಿತು. 1895ರಲ್ಲಿ ವಿಂಚೆಸ್ಟರ್ ಕಂಪನಿ 30-30 ಎಂಬ ತೋಟೆಯನ್ನು ಮಾರುಕಟ್ಟೆಗೆ ತಂದಿತು. ವೇಗ 2000 ಅಡಿಗೆ ಹತ್ತಿರ. ರೈತನೂ ಮರ ಕಡಿಯುವವನೂ ಕೊಳ್ಳಬಲ್ಲ ರೈಫಲ್, ಹಳ್ಳಿಯ ಅಂಗಡಿಯಲ್ಲೂ ಸಿಗುವ ತೋಟೆ. ಇದರ ಗುಂಡಿನ ಮೂತಿ ಚಪ್ಪಟೆ. ಈ ರೈಫಲ್ಲಿನಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತವೆ. ಮೂತಿ ಚೂಪಾಗಿದ್ದರೆ ಹಿಂದಿನ ತೋಟೆ ಮುಂದಿನದರ ಕೇಪನ್ನು ಕುಕ್ಕಿ ಅಲ್ಲೇ ಸಿಡಿಸಬಹುದು. ನೂರಮೂವತ್ತು ವರ್ಷ ಕಳೆದರೂ 30-30 ತೋಟೆ ಇಂದಿಗೂ ತಯಾರಾಗುತ್ತಿದೆ.

ವೇಗ ಹೆಚ್ಚಿದ್ದೇ ಹೊಸ ತೊಡಕಾಯಿತು. ಬರೀ ಸೀಸದ ಗುಂಡು ಆ ವೇಗ ತಡೆಯದೆ ನಳಿಗೆಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಮೇಲೊಂದು ತಾಮ್ರದ ಕವಚ ಬೇಕು. ಪೂರ್ತಿ ಕವಚ ಹಾಕಿದರೆ ಗುಂಡು ಸೂಜಿಯಂತೆ ಆಚೆ ಹೋಗುತ್ತದೆ. ಪ್ರಾಣಿ ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಮೂತಿಯಲ್ಲಿ ಸೀಸವನ್ನು ತೆರೆದಿಟ್ಟರೆ ಗುಂಡು ಒಳಗೆ ಅಣಬೆಯಂತೆ ಅರಳಿ ಬೇಗ ಕೊಲ್ಲುತ್ತದೆ. ಅದೇ ಕಾಲದಲ್ಲಿ ಇದೇ ಉಪಾಯವನ್ನು ಬ್ರಿಟಿಷರು ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯಲ್ಲಿ ಸೈನಿಕರ ಗುಂಡಿಗೆ ಬಳಸಿದರು. ನಾವು ವಿಮಾನ ನಿಲ್ದಾಣದ ಹೆಸರಾಗಿ ಬಲ್ಲ ಆ ಡಂಡಂ ಲೋಕದ ಎಲ್ಲ ಭಾಷೆಗಳಲ್ಲೂ ಕ್ರೂರ ಗುಂಡಿನ ಹೆಸರಾಯಿತು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ವಿಚಿತ್ರ ನೋಡಿ: ಮನುಷ್ಯನ ಮೇಲೆ ಅಮಾನುಷ ಎನಿಸಿದ್ದು ಪ್ರಾಣಿಯ ಮೇಲೆ ದಯೆ ಎನಿಸಿತು. ಇಂದು ಅಮೆರಿಕದ ಅನೇಕ ರಾಜ್ಯಗಳಲ್ಲಿ ಪೂರ್ತಿ ಕವಚದ ಗುಂಡಿನಿಂದ ಜಿಂಕೆ ಹೊಡೆಯುವುದೇ ಅಪರಾಧ.

ಗಾಯಗೊಂಡ ಪ್ರಾಣಿ ಎಂದರೇನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿದ್ದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರು ನೆನಪಿಸಿಕೊಳ್ಳಿ. ಎಷ್ಟೋ ನರಭಕ್ಷಕಗಳ ಹಿಂದೆ ಯಾರೋ ಹಾರಿಸಿದ ಅರೆಬರೆ ಈಡು ಇರುತ್ತದೆ.

ಅರಳುವುದೂ ಸುಲಭವಲ್ಲ. 1906ರಲ್ಲಿ ಸೈನ್ಯಕ್ಕೆ ಬಂದು ಆಮೇಲೆ ಬೇಟೆಗೂ ಇಳಿದ 30-06ರ ವೇಗಕ್ಕೆ ಹಳೆಯ ಗುಂಡುಗಳು ಚರ್ಮದಡಿಯಲ್ಲೇ ಚೂರಾಗುತ್ತಿದ್ದವು, ಇಲ್ಲವೇ ಸೀಸವೊಂದು ಕಡೆ ಕವಚವೊಂದು ಕಡೆ. 1939ರಲ್ಲಿ ರೆಮಿಂಗ್ಟನ್ ಕಂಪನಿ ಕೋರ್-ಲಾಕ್ಟ್ ಎಂಬ ಗುಂಡು ತಂದಿತು. ಕವಚ ಮೂತಿಯಲ್ಲಿ ತೆಳು, ನಡುವಿನಲ್ಲಿ ದಪ್ಪ; ಆ ದಪ್ಪ ಪಟ್ಟಿ ಸೀಸವನ್ನು ಕಚ್ಚಿ ಹಿಡಿಯುತ್ತದೆ. ಅಷ್ಟೇ ಉಪಾಯ. ಎದುರುಮನೆಯವರ ಅಪ್ಪ ಬಳಸುತ್ತಿದ್ದದ್ದು ಇದೇ ಹಸಿರು-ಹಳದಿ ಪೆಟ್ಟಿಗೆ.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಮಿನಿಯಾಪೊಲಿಸ್‌ನ ಉತ್ತರಕ್ಕಿರುವ ಅನೋಕ ಊರಿನಲ್ಲಿ ಫೆಡರಲ್ ಕಾರ್ಟ್ರಿಜ್ ಕಂಪನಿಯನ್ನು ಚಾರ್ಲ್ಸ್ ಹಾರ್ನ್ 1922ರಲ್ಲಿ ಕಟ್ಟಿದರು. ದೊಡ್ಡ ಕಂಪನಿಗಳು ಬಂದೂಕಿನ ಅಂಗಡಿಗಳನ್ನು ಹಿಡಿದುಕೊಂಡಿದ್ದುದರಿಂದ ಇವರು ಕ್ಷೌರದಂಗಡಿ, ಕಿರಾಣಿ ಅಂಗಡಿ, ಪೆಟ್ರೋಲ್ ಬಂಕುಗಳಲ್ಲಿ ತೋಟೆ ಮಾರಿಸಿದರು. ಎರಡನೆಯ ಮಹಾಯುದ್ಧದಲ್ಲಿ ನ್ಯೂ ಬ್ರೈಟನ್ ಪಕ್ಕದ ಸರ್ಕಾರಿ ತೋಟೆ ಕಾರ್ಖಾನೆಯನ್ನು ನಡೆಸಿದವರೂ ಇವರೇ. ಅಲ್ಲಿ ಸಾವಿರಾರು ಹೆಂಗಸರು ದುಡಿದರು. ಕರಿಯರನ್ನು ಬಿಳಿಯರ ಜೊತೆಗೇ ಕೆಲಸಕ್ಕೆ ತೆಗೆದುಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು. ಆ ಜಾಗದ ಅಂತರ್ಜಲಕ್ಕೆ ರಾಸಾಯನಿಕ ಇಳಿದದ್ದು, 1983ರಲ್ಲಿ ಅದು ಕೇಂದ್ರ ಸರ್ಕಾರದ ಸೂಪರ್‌ಫಂಡ್ ಪಟ್ಟಿ ಸೇರಿದ್ದು ಬೇರೆಯೇ ಕಥೆ.

ಇನ್ನು ಗುರಿಯ ವಿಷಯ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಅಗ್ಗದ ತೋಟೆ ಕರಾರುವಾಕ್ಕಾಗಿ ಹೊಡೆಯುತ್ತದೆಯೇ? ನೂರು ಗಜ ದೂರದ ಕಾಗದಕ್ಕೆ ಮೂರು ಅಥವಾ ಐದು ಈಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವೆ ಎಷ್ಟು ಅಂತರವೆಂದು ಅಳೆಯುವುದು ಇಲ್ಲಿನ ವಾಡಿಕೆ. ಒಂದು ಅಂಗುಲ ಬಂದರೆ ಮೀಸೆ ತಿರುವಬಹುದು. ಸಾಧಾರಣ ರೈಫಲ್ಲು, ಅಗ್ಗದ ತೋಟೆ ಎಂದರೆ ಒಂದೂವರೆಯಿಂದ ಎರಡು ಅಂಗುಲ. ಮದ್ದಿನ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ, ಗುಂಡಿನ ತೂಕದಲ್ಲಿ, ಅದು ಚಿಪ್ಪಿನಲ್ಲಿ ಕೂತ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ. ಎಲ್ಲ ಕೂಡಿ ಅಷ್ಟಾಗುತ್ತದೆ. ಒಂದೇ ಪೆಟ್ಟಿಗೆ ಒಂದು ನಳಿಗೆಗೆ ಒಗ್ಗಿ ಇನ್ನೊಂದಕ್ಕೆ ಒಗ್ಗದಿರುವುದೂ ಉಂಟು.

ಎರಡು ಅಂಗುಲ ಎಂದರೆ ಗುರಿಯ ನಡುವಿನಿಂದ ಅತ್ತಿತ್ತ ಒಂದೊಂದು ಅಂಗುಲ. ಇನ್ನೂರು ಗಜಕ್ಕೆ ಎರಡೆರಡು. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಸುಮಾರು ಎಂಟು ಅಂಗುಲ ಅಗಲ, ಅಂದರೆ ನಡುವಿನಿಂದ ನಾಲ್ಕು. ತೋಟೆ ಎರಡು ತಿಂದರೂ ಬೇಟೆಗಾರನ ಕೈನಡುಕಕ್ಕೆ ಇನ್ನೆರಡು ಉಳಿಯುತ್ತದೆ. ದಟ್ಟ ಕಾಡಿನಲ್ಲಿ ಹೊಡೆಯುವುದು ಹೆಚ್ಚಾಗಿ ನೂರು ಗಜದೊಳಗೆ. ನಾನೂರು ಗಜಕ್ಕೆ ಹೋದರೆ ಮಾತ್ರ ಲೆಕ್ಕ ಬಿಗಿಯಾಗುತ್ತದೆ: ನಾಲ್ಕೂ ಅಂಗುಲ ತೋಟೆಯೇ ನುಂಗುತ್ತದೆ, ಗಾಳಿಗೂ ಕೈಗೂ ಏನೂ ಮಿಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ಬೇಕಾದದ್ದು ದುಬಾರಿ ತೋಟೆಗಿಂತ ಹೊಡೆಯದಿರುವ ಸಂಯಮ. ಹಣ ಉಳಿಸಿದವನು ಅದೇ ದುಡ್ಡಿಗೆ ಇನ್ನೊಂದು ಪೆಟ್ಟಿಗೆ ಕೊಂಡು ಬೇಸಿಗೆಯಲ್ಲಿ ಅಭ್ಯಾಸ ಮಾಡಿದರೆ ಗುರಿ ಹೆಚ್ಚು ಸುಧಾರಿಸುತ್ತದೆ.

ದುಬಾರಿ ಪೆಟ್ಟಿಗೆಯ ಕಥೆಗೆ ಬೇರೆ ಬೇರು. 1946ರಲ್ಲಿ ಜಾನ್ ನೋಸ್ಲರ್ ಎಂಬವರು ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗೆ ಹೊಡೆದಾಗ ಗುಂಡು ಮೇಲೇ ಒಡೆದು ಒಳಗೆ ಇಳಿಯಲಿಲ್ಲ. ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡನ್ನು ಅವರು ರೂಪಿಸಿದರು. 1948ರಲ್ಲಿ ಕಂಪನಿಯೇ ಹುಟ್ಟಿತು. 1977ರಲ್ಲಿ ಅನೋಕದ ಫೆಡರಲ್ ಪ್ರೀಮಿಯಂ ಎಂಬ ಸಾಲನ್ನೇ ತೆರೆಯಿತು. ಮೂಸ್‌ಗೆ, ಎಲ್ಕ್‌ಗೆ ಅದು ಬೇಕು. ನಮ್ಮ ಕಾಡಿನ ಬಿಳಿಬಾಲದ ಜಿಂಕೆ ಅಷ್ಟು ಗಟ್ಟಿ ಪಿಂಡವಲ್ಲ.

ಬೇಟೆಗಾರನೇ ಜಿಂಕೆ ಉಳಿಸಿದ ಎಂಬ ಮಾತು ಇಲ್ಲಿ ಆಗಾಗ ಕೇಳುತ್ತೇವೆ. ಪೂರ್ತಿ ಸುಳ್ಳಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ತೋಟೆಯ ತಯಾರಕರಿಂದ ವಸೂಲಾಗುವ ಶೇಕಡಾ 11 ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಆದರೂ 1971ರಲ್ಲಿ ಮಿನ್ನೆಸೋಟದಲ್ಲಿ ಜಿಂಕೆ ತೀರಾ ಕಡಿಮೆಯಾಗಿ ಆ ವರ್ಷದ ಬೇಟೆಯನ್ನೇ ನಿಲ್ಲಿಸಬೇಕಾಯಿತು. ನಮ್ಮ ದೇಶ ಹಿಡಿದದ್ದು ಬೇರೆ ದಾರಿ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1991ರ ತಿದ್ದುಪಡಿ, ಅಲ್ಲಿಗೆ ಷಿಕಾರಿಯ ಕಾಲ ಮುಗಿಯಿತು.

ಈಗ ಸಸ್ಯಾಹಾರಿಗಳಿಗೂ ತಟ್ಟುವ ವಿಷಯ. ಅರಳುವ ಸೀಸದ ಗುಂಡು ಕಣ್ಣಿಗೆ ಕಾಣದ ಚೂರುಗಳನ್ನು ಮಾಂಸದಲ್ಲಿ ಉದುರಿಸುತ್ತದೆ. 2008ರಲ್ಲಿ ನೆರೆಯ ನಾರ್ತ್ ಡಕೋಟದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಖೀಮಾದಲ್ಲಿ ಸೀಸ ಕಂಡು, ಅದನ್ನು ಎಸೆಯುವಂತೆ ಆರೋಗ್ಯ ಇಲಾಖೆ ಆಹಾರ ಭಂಡಾರಗಳಿಗೆ ಹೇಳಿತು. ನಮ್ಮಲ್ಲಿ ಕೆಲವರು ಅಂಥ ಭಂಡಾರಗಳಲ್ಲಿ ಶನಿವಾರ ಸೇವೆ ಮಾಡುವವರು. ಕಾಡಿನಲ್ಲಿ ಬಿಟ್ಟ ಕರುಳನ್ನು ತಿಂದ ಬೋಳುಹದ್ದುಗಳು ಸೀಸದ ವಿಷವೇರಿ ನಮ್ಮ ವಿಶ್ವವಿದ್ಯಾನಿಲಯದ ಹದ್ದುಗಳ ಆಸ್ಪತ್ರೆಗೆ ಬರುತ್ತವೆ. ಕ್ಯಾಲಿಫೋರ್ನಿಯ 2013ರಲ್ಲಿ ಕಾನೂನು ಮಾಡಿ 2019ರ ಜುಲೈಯಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿತು. ಬರೀ ತಾಮ್ರದ ಗುಂಡು ಒಡೆಯದೆ ಅರಳುತ್ತದೆ, ಆದರೆ ಪೆಟ್ಟಿಗೆಯ ಬೆಲೆ ಮತ್ತೆ ಆ ಎರಡು ಪಟ್ಟಿನ ಕಡೆಗೇ.

ಎದುರುಮನೆಯವರಿಗೆ ಇದನ್ನು ಅಂಜುತ್ತಲೇ ಹೇಳಿದೆವು. ಅವರಿಗೆ ಆಗಲೇ ಗೊತ್ತಿತ್ತು. ಸೊಸೆ ಬಸುರಿ, ಮನೆಯಲ್ಲಿ ವರ್ಷವಿಡೀ ಉಣ್ಣುವುದು ಜಿಂಕೆ ಮಾಂಸವೇ. ಹೋದ ನವೆಂಬರಿನಲ್ಲಿ ತಾಮ್ರದ ಒಂದು ಪೆಟ್ಟಿಗೆ ಕೊಂಡರು. ಗುರಿ ಸರಿಪಡಿಸಿಕೊಳ್ಳಲು ಆರು ತೋಟೆ ಹೋದವು, ಜಿಂಕೆಗೆ ಒಂದು. ಉಳಿದ ಹದಿಮೂರು ಗ್ಯಾರೇಜಿನ ಬೀರುವಿನಲ್ಲಿ, ಅಪ್ಪನ ಹಸಿರು-ಹಳದಿ ಪೆಟ್ಟಿಗೆಯ ಪಕ್ಕದಲ್ಲಿವೆ.