ಪ್ರೋಟೀನುಗಳ ಬೆಸುಗೆ, ತಂತಿಯ ಸಾಕ್ಷಿ

ನಮ್ಮ ಮೈಯ ಜೀವಕೋಶಗಳಲ್ಲಿ ಪ್ರೋಟೀನುಗಳು ಒಂಟಿಯಾಗಿ ದುಡಿಯುವುದು ಅಪರೂಪ. ಒಂದನ್ನೊಂದು ಹಿಡಿಯುತ್ತವೆ, ಕೆಲಸ ಮುಗಿದೊಡನೆ ಬಿಡುತ್ತವೆ. ಎಷ್ಟು ಬೇಗ ಹಿಡಿದವು, ಎಷ್ಟು ಹೊತ್ತು ಬಿಡದೆ ಇದ್ದವು ಎಂಬುದನ್ನು ತಿಳಿಯದೆ ಒಳ್ಳೆಯ ಔಷಧವನ್ನು ರೂಪಿಸುವುದು ಕಷ್ಟ. ಇದನ್ನು ಅರಿಯಲು ವಿಜ್ಞಾನಿಗಳು ಬಹುಕಾಲ ಪ್ರೋಟೀನಿಗೆ ಹೊಳೆಯುವ ಬಣ್ಣವನ್ನೋ ವಿಕಿರಣಶೀಲ ಪರಮಾಣುವನ್ನೋ ಗುರುತಾಗಿ ಅಂಟಿಸುತ್ತಿದ್ದರು. ಆದರೆ ಮೂಟೆ ಹೊತ್ತವನ ನಡಿಗೆ ಅವನ ಸಹಜ ನಡಿಗೆಯೇ, ನೀವೇ ಹೇಳಿ!

ಗುರುತಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಅಳೆಯುವ ದಾರಿಯ ಬೇರು 1962ರಲ್ಲಿದೆ. ಆ ವರ್ಷ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ವಿದ್ಯುದ್ವಾರಕ್ಕೆ ಕಿಣ್ವವನ್ನು ಜೋಡಿಸಿ ಗ್ಲೂಕೋಸ್ ಅಳೆಯುವ ಉಪಾಯವನ್ನು ತೋರಿಸಿದರು. ಮಧುಮೇಹಿಗಳು ಬೆರಳು ಚುಚ್ಚಿ ನೋಡಿಕೊಳ್ಳುವ ಪುಟ್ಟ ಉಪಕರಣ ಅದರದೇ ಸಂತತಿ. 1970ರಲ್ಲಿ ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ ಟ್ರಾನ್ಸಿಸ್ಟರಿನ ಲೋಹದ ಗೇಟನ್ನೇ ಕಿತ್ತು, ಆ ಜಾಗಕ್ಕೆ ದ್ರಾವಣವನ್ನು ತಂದರು. ದ್ರಾವಣದ ಅಯಾನುಗಳೇ ಟ್ರಾನ್ಸಿಸ್ಟರನ್ನು ಆಳತೊಡಗಿದವು. ಪ್ರೋಟೀನಿನ ಅಲ್ಪ ಆವೇಶಕ್ಕೆ ಮಾತ್ರ ಇನ್ನೂ ಸೂಕ್ಷ್ಮವಾದ ಕಿವಿ ಬೇಕಿತ್ತು.

ಅದು ದೊರೆತದ್ದು 2001ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲೀಬರ್ ತಂಡ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಸಿಲಿಕಾನ್ ತಂತಿಗೆ ಬಯೋಟಿನ್ ಎಂಬ ಜೀವಸತ್ವವನ್ನು ಅಂಟಿಸಿ, ಅದರ ಮೇಲೆ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ದ್ರಾವಣವನ್ನು ಹರಿಸಿತು. ಪ್ರೋಟೀನು ಬಂದು ಕೂತೊಡನೆ ತಂತಿಯ ವಾಹಕತೆ ಬದಲಾಯಿತು. ದಪ್ಪ ತಂತಿಯಾಗಿದ್ದರೆ ಈ ಪ್ರಭಾವ ಮೇಲ್ಮೈಯಲ್ಲೇ ಉಳಿಯುತ್ತಿತ್ತು. ಇಲ್ಲಿ ತಿರುಳಿಗೂ ತಟ್ಟಿತು.

2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ರೀಡ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಇಟ್ಟರು. ಪ್ರೋಟೀನು ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ, ಎಚ್‌ಎಂಜಿಬಿ1 ಎಂಬ ಪ್ರೋಟೀನು ಡಿಎನ್‌ಎಯನ್ನು ಹಿಡಿಯುವ ವೇಗ, ಬಿಡುವ ವೇಗ, ಬಂಧದ ಬಲ ಎಲ್ಲವನ್ನೂ ನ್ಯಾನೋತಂತಿಯಿಂದ ಅಳೆದರು. ನನ್ನ ಲೆಕ್ಕದಲ್ಲಿ ಈ ಕಥೆಯ ನಿಜವಾದ ತಿರುವು ಇದೇ.

ತೊಡಕು ಇರುವುದು ಉಪ್ಪಿನಲ್ಲಿ. ರಕ್ತದಷ್ಟು ಉಪ್ಪಿರುವ ದ್ರಾವಣದಲ್ಲಿ ಅಯಾನುಗಳು ಪ್ರೋಟೀನನ್ನು ಮುತ್ತಿ, ಅದರ ಆವೇಶವನ್ನು ಒಂದು ನ್ಯಾನೋಮೀಟರಿನೊಳಗೇ ಮರೆಮಾಡುತ್ತವೆ. ಪ್ರತಿಕಾಯವೊಂದರ ಉದ್ದವೇ ಸುಮಾರು 10 ನ್ಯಾನೋಮೀಟರ್! ಹಾಗೆಂದು ಪ್ರಯೋಗಾಲಯದಲ್ಲಿ ಉಪ್ಪನ್ನು ಕಡಿಮೆ ಮಾಡಿದರೆ ಪ್ರೋಟೀನುಗಳ ಹಿಡಿತವೇ ಬದಲಾಗಬಹುದು. ಮೈಯಲ್ಲಿ ನಡೆಯುವುದನ್ನೇ ಅಳೆದೆವೆಂದು ಹೇಳುವಂತಿಲ್ಲ. 2015ರಲ್ಲಿ ಲೀಬರ್ ತಂಡ ತಂತಿಗೆ ಪಾಲಿಮರಿನ ಲೇಪ ಕೊಟ್ಟು, ಹೆಚ್ಚು ಉಪ್ಪಿರುವ ದ್ರಾವಣದಲ್ಲೂ ಪ್ರೋಟೀನಿನ ಸುಳಿವು ಹಿಡಿಯಿತು. ಪ್ರತಿಕಾಯಗಳನ್ನು ತುಂಡರಿಸಿ ತಂತಿಗೆ ಹತ್ತಿರ ತರುವವರೂ ಇದ್ದಾರೆ.